ಇನ್ನೊಂದು ಮೆಷಿನ್ ತರುವ ಮುಂಚೆ

ಚಿರಂಜೀವಿ ಪುಟ್ಟೂಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಮೊನ್ನೆ ನಿನ್ನ ಅಮ್ಮ ಫೋನ್ ಮಾಡಿದ್ದಳು. ಪೀಣ್ಯದ ಶೆಡ್‌ಗೆ ಕಂಪ್ಯೂಟರ್ ಹಿಡಿತದಲ್ಲಿ ಓಡುವ ಸಿಎನ್‌ಸಿ ಮೆಷಿನ್ ಇನ್ನೊಂದು ತರುತ್ತೀಯಂತೆ, ಬಿಸಿನೆಸ್ ಕೋಚ್ ಒಬ್ಬರನ್ನೂ ಗೊತ್ತು ಮಾಡಿಕೊಳ್ಳುತ್ತೀಯಂತೆ. ಕೋಚ್ ಬೇಡ ಅಂತ ನಾನು ಹೇಳುವುದಿಲ್ಲ. ನನ್ನನ್ನು ದಡ ಸೇರಿಸಿದ್ದೇ ಅಂಥ ಒಬ್ಬರು.

ನಾನು ಲೋಹ ಕಡೆಯುವ ಎರಡು ಲೇತ್ ಇಟ್ಟುಕೊಂಡು ಬೇರೆ ಕಂಪನಿಗಳಿಗೆ ಜಾಬ್ ವರ್ಕ್ ಮಾಡಿಕೊಡುತ್ತಿದ್ದ ಕಾಲ. ದೊಡ್ಡ ಕಾರ್ಖಾನೆಯಿಂದ ರಿಟೈರ್ ಆದ ಹಿರಿಯರೊಬ್ಬರು ಪ್ರತಿ ಶನಿವಾರ ಬಂದು ಕೂರುತ್ತಿದ್ದರು. ಮೊದಲ ದಿನವೇ ಕೇಳಿದರು, "ಮೆಷಿನ್ ಒಂದು ಗಂಟೆ ಓಡಿದರೆ ನಿನಗೆ ಬೀಳುವ ಖರ್ಚೆಷ್ಟು?" ನನಗೆ ಗೊತ್ತಿರಲಿಲ್ಲ. ಪಕ್ಕದ ಶೆಡ್‌ನವರಿಗಿಂತ ಒಂದು ರೂಪಾಯಿ ಕಡಿಮೆ, ಅದೇ ನನ್ನ ರೇಟು. ಅವರು ಮೆಷಿನ್ ಪಕ್ಕ ಒಂದು ನೋಟ್‌ಬುಕ್ ನೇತುಹಾಕಿಸಿದರು. ಮೆಷಿನ್ ನಿಂತಾಗೆಲ್ಲ ಎಷ್ಟು ಹೊತ್ತು, ಏಕೆ ಅಂತ ಅದರಲ್ಲಿ ಬರೆಯಬೇಕು. ತಿಂಗಳ ಕೊನೆಗೆ ನೋಡಿದರೆ ಎಂಟು ಗಂಟೆಯ ಶಿಫ್ಟಿನಲ್ಲಿ ಕೆಲಸ ನಡೆದದ್ದು ಐದು ಗಂಟೆಯೂ ಇಲ್ಲ. ಆಪರೇಟರ್ ಸೋಮಾರಿ ಅಂತ ಸುಮ್ನೆ ಬೈಯುತ್ತಿದ್ದೆ. ಬರೆದಿದ್ದು ನೋಡಿದರೆ ಮೆಟೀರಿಯಲ್ ಬಂದಿಲ್ಲ, ಡ್ರಾಯಿಂಗ್ ಸಿಕ್ಕಿಲ್ಲ, ಅಳತೆ ನೋಡಲು ಇರುವ ಒಂದೇ ಗೇಜ್ ಇನ್ನೊಂದು ಲೇತ್ ಹತ್ತಿರ ಇದೆ. ಎಲ್ಲವೂ ನಾನು ನೋಡಿಕೊಳ್ಳಬೇಕಾದ ಕೆಲಸ. ಆ ಹುಡುಗನ ಹತ್ತಿರ ಹೋಗಿ ತಪ್ಪಾಯಿತು ಎಂದೆ.

ನಿನ್ನ ಕೋಚ್ ಹೀಗೆ ಶೆಡ್‌ಗೆ ಬಂದು ಮೆಷಿನ್ ಮುಂದೆ ನಿಲ್ಲುತ್ತಾರಾ, ನಿನ್ನ ಲೆಕ್ಕ ತೆಗೆಸಿ ನೋಡುತ್ತಾರಾ, ಕೇಳು. ಹೋಟೆಲ್ ಹಾಲ್‌ನಲ್ಲಿ ನೂರು ಜನರನ್ನು ಕೂರಿಸಿ ಹುರುಪು ತುಂಬಿಸಿ ಕಳಿಸುವವರಾದರೆ ಬೇಡ. ಆ ದುಡ್ಡಿಗೆ ಇನ್ನೊಂದು ಸೆಟ್ ಗೇಜ್ ತಗೋ.

ನನಗೆ ಜಾಸ್ತಿ ಚಿಂತೆ ಇರುವುದು ಬೇರೆ ವಿಷಯದಲ್ಲಿ. ಆರ್ಡರ್ ಹೆಚ್ಚಾದರೆ ಕೈಯಲ್ಲಿ ದುಡ್ಡು ಹೆಚ್ಚುತ್ತದೆ ಅಂದುಕೊಂಡಿದ್ದೀಯ, ಅಲ್ವಾ? ಮೊದಲು ಖಾಲಿಯಾಗುತ್ತದೆ ಪುಟ್ಟು. ಮೆಟೀರಿಯಲ್, ಸಂಬಳ, ಇಎಂಐ ಯಾವುದೂ ಕಾಯುವುದಿಲ್ಲ. ಬಿಲ್ ಹಾಕಿದ ಮೇಲೆ, ಕೆಲಸ ಕೊಟ್ಟ ಪಾರ್ಟಿ ದುಡ್ಡು ಕೊಡಲಿ ಬಿಡಲಿ, ಜಿಎಸ್‌ಟಿ ಕಟ್ಟಲೇಬೇಕು. ಆಗ ನನ್ನ ಕೆಲಸದಲ್ಲಿ ಮುಕ್ಕಾಲು ಪಾಲು ಒಂದೇ ಪಾರ್ಟಿಯದಾಗಿತ್ತು. ಒಂದು ವರ್ಷ ಅವರು 120 ದಿನ ಸತಾಯಿಸಿದರು. ಕೈತುಂಬ ಆರ್ಡರ್ ಇತ್ತು. ಸಂಬಳ ಕೊಡಲು ನಿನ್ನ ಅತ್ತೆಯ ಬಳೆ ಅಡವಿಟ್ಟೆ.

ನಿನಗೆ ಕಾನೂನಿನ ಬಲ ಇದೆ. ಸಣ್ಣ ಉದ್ಯಮಗಳಿಗೆ ಸರ್ಕಾರ ಮಾಡುವ ಉದ್ಯಮ್ ನೋಂದಣಿ ಪುಕ್ಕಟೆ, ಆ ನಂಬರನ್ನು ಪ್ರತಿ ಬಿಲ್ ಮೇಲೆ ಹಾಕು. ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ, ಏನೇ ಒಪ್ಪಂದ ಇದ್ದರೂ ಮಾಲು ಒಪ್ಪಿಕೊಂಡ 45 ದಿನದೊಳಗೆ ದುಡ್ಡು ಬರಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಗಡುವು ಮೀರಿದ ಬಾಕಿಯನ್ನು ಕೊಟ್ಟು ತೀರಿಸುವ ತನಕ ಪಾರ್ಟಿಯವರು ಆದಾಯ ತೆರಿಗೆಯಲ್ಲಿ ಖರ್ಚು ಅಂತ ತೋರಿಸುವ ಹಾಗೂ ಇಲ್ಲ. 2023-24ರ ಲೆಕ್ಕದಿಂದ ಈ ನಿಯಮ ಬಂದಿದೆ. ಅವರ ಆಡಿಟರೇ ನಿನ್ನ ಪರ ಮಾತಾಡುತ್ತಾರೆ.

ಗಟ್ಟಿಯಾಗಿ ಕೇಳಿದರೆ ಆರ್ಡರ್ ತಪ್ಪುತ್ತದೆ ಅನ್ನುವ ಭಯ ನನಗೂ ಇತ್ತು. ಇರುವುದು ಒಂದೇ ಪಾರ್ಟಿ ಆದರೆ ಆ ಭಯ ಹೋಗುವುದೇ ಇಲ್ಲ. ಅದಕ್ಕೇ ಹೇಳುತ್ತಿದ್ದೇನೆ, ಮೆಷಿನ್ ಆಮೇಲೆ ತಂದರಾಯಿತು, ಮೊದಲು ಇನ್ನೆರಡು ಪಾರ್ಟಿ ಹುಡುಕು.

ಭಾನುವಾರ ಬಾ. ಬಾಕಿ ಇರುವ ಬಿಲ್‌ಗಳ ಪಟ್ಟಿ ತಾ, ಯಾವುದು ಎಷ್ಟು ದಿನದಿಂದ ನಿಂತಿದೆ ಅಂತ ಬರೆದುಕೊಂಡು. ಅತ್ತೆ ಅವರೆಕಾಳು ಸಾರು ಮಾಡಿರುತ್ತಾಳೆ.

ಇಂತಿ,
ನಿನ್ನ ಮಾವ