ಚೌತಿ ಮುಗಿದ ಮೇಲೆ ಮಕ್ಕಳನ್ನು ಮುಂಬೈಗೆ ಕಳಿಸ್ತೀರಾ?

ಪ್ರೀತಿಯ ಪೋಷಕರೇ,

ನಮಸ್ಕಾರ. ಈ ಸೆಪ್ಟೆಂಬರ್‌ನಲ್ಲಿ, ಚೌತಿ ಮುಗಿದ ಮೇಲೆ, ಒಂಬತ್ತನೇ ತರಗತಿಯ ಮಕ್ಕಳನ್ನು ಮುಂಬೈಗೆ ಕರೆದುಕೊಂಡು ಹೋಗಬೇಕು ಎಂದಿದ್ದೇವೆ. ಸಮುದ್ರ ತೋರಿಸಲಿಕ್ಕಲ್ಲ, ಅದು ಕುಮಟಾದಲ್ಲೇ ಇದೆ. ಒಂದು ಸಂಜೆ ಕೂತು ಸಿಂಫನಿ ಕೇಳಲಿಕ್ಕೆ. ಸಿಂಫನಿ ಅಂದರೆ ದೊಡ್ಡ ವಾದ್ಯವೃಂದಕ್ಕೆ ಅಂತ ಬರೆದ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಉದ್ದನೆಯ ಕೃತಿ.

ನರಿಮನ್ ಪಾಯಿಂಟ್‌ನ ಎನ್‌ಸಿಪಿಎ ಎಂಬ ಕಲಾಕೇಂದ್ರದಲ್ಲಿ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಇದೆ. ಶುರುವಾಗಿದ್ದು 2006ರಲ್ಲಿ. ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ, ಫೆಬ್ರವರಿ ಮತ್ತು ಸೆಪ್ಟೆಂಬರ್ ಹೊತ್ತಿಗೆ, ಅವರ ಸಂಗೀತ ಕಛೇರಿಗಳ ಸಾಲು ಇರುತ್ತದೆ. ಫೆಬ್ರವರಿ ಅಂದರೆ ಪರೀಕ್ಷೆಯ ತಲೆಬಿಸಿ, ಹಾಗಾಗಿ ಸೆಪ್ಟೆಂಬರ್.

ಆರ್ಕೆಸ್ಟ್ರಾ ಅಂದ ಕೂಡಲೇ ಜಾತ್ರೆಯಲ್ಲಿ ಸಿನಿಮಾ ಹಾಡು ಹೇಳುವ ತಂಡ ನೆನಪಾಗುತ್ತದೆ, ಅಲ್ವಾ? ಇದು ಬೇರೆ. ಎಪ್ಪತ್ತು ಎಂಬತ್ತು ಜನ ಒಟ್ಟಿಗೆ ನುಡಿಸುತ್ತಾರೆ, ಮೈಕ್ ಇರುವುದಿಲ್ಲ. ಮೊದಲು ಓಬೋ ಅಂತ ಒಂದು ಊದುವ ವಾದ್ಯ, ಶಹನಾಯಿಯ ನೆಂಟ ಅನ್ನಿ, ಒಂದೇ ಒಂದು ಸ್ವರ ಹಿಡಿಯುತ್ತದೆ. ಉಳಿದವರೆಲ್ಲ ಅದಕ್ಕೆ ಶ್ರುತಿ ಸೇರಿಸಿಕೊಳ್ಳುತ್ತಾರೆ. ಆ ಅರ್ಧ ನಿಮಿಷ ಕೇಳಿದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಕಳೆದ ಶನಿವಾರ ಶಾಲೆಯಲ್ಲಿ ಜರ್ಮನ್ ಸಂಗೀತಕಾರ ಬೀಥೋವನ್‌ನ ಐದನೇ ಸಿಂಫನಿ ಹಾಕಿದ್ದೆವು. 1808ರಲ್ಲಿ ವಿಯೆನ್ನಾದಲ್ಲಿ ಮೊದಲ ಸಲ ನುಡಿಸಿದ್ದು. ಮೂರು ಗಿಡ್ಡ ಸ್ವರ, ಒಂದು ಉದ್ದ ಸ್ವರ, ಅಷ್ಟರಿಂದಲೇ ಅದು ಶುರು. ಮಳೆಗೆ ಮಧ್ಯದಲ್ಲೇ ಕರೆಂಟ್ ಹೋಯಿತು. ಕತ್ತಲೆಯಲ್ಲಿ ಹಿಂದಿನ ಬೆಂಚಿನಿಂದ ಯಾರೋ ಆ ನಾಲ್ಕು ಸ್ವರ ಗುನುಗಿದರು, ಆಮೇಲೆ ಪಕ್ಕದವರು, ಆಮೇಲೆ ಇಡೀ ತರಗತಿ. ಮುಂಬೈಗೆ ಹೋಗಲೇಬೇಕು ಅಂತ ನಾನು ನಿರ್ಧಾರ ಮಾಡಿದ್ದು ಆವಾಗ.

ಆರ್ಕೆಸ್ಟ್ರಾದ ಮುಂದೆ ಕೋಲು ಹಿಡಿದು ನಿಲ್ಲುವವರು, ಅಂದರೆ ಕಂಡಕ್ಟರ್, ಏನನ್ನೂ ನುಡಿಸುವುದಿಲ್ಲವಲ್ಲ, ಅವರು ಯಾಕೆ ಬೇಕು ಅಂತ ಒಬ್ಬ ಹುಡುಗ ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಒಬ್ಬಳು ಹೇಳಿದಳು, "ಭಾಗವತರು ಇಲ್ಲದೆ ಯಕ್ಷಗಾನದ ಆಟ ನಡೀತದನಾ?"

"ಅಕ್ಕೋರೇ, ನಮ್ಮ ಸಂಗೀತವೇ ಇರುವಾಗ ಅದ್ಯಾಕೆ?" ಎಂದು ಒಬ್ಬ ತಾಯಿ ಕೇಳಿದರು. ಒಂದನ್ನು ಕೇಳಲಿಕ್ಕೆ ಇನ್ನೊಂದನ್ನು ಬಿಡಬೇಕಾಗಿಲ್ಲ. ಜಾಕಿರ್ ಹುಸೇನ್ 'ಪೇಶ್ಕಾರ್' ಅಂತ ತಬಲಾ ಮತ್ತು ಸಿಂಫನಿ ಸೇರಿಸಿ ಒಂದು ಕೃತಿ ಮಾಡಿದರು, 2015ರಲ್ಲಿ ಅದನ್ನು ಮೊದಲು ನುಡಿಸಿದ್ದು ಇದೇ ಮುಂಬೈ ತಂಡ. ಇನ್ನು, ಇಷ್ಟು ಹೊತ್ತು ಮಕ್ಕಳು ಸುಮ್ನೆ ಕೂರುತ್ತಾರಾ ಎನ್ನುವ ಚಿಂತೆ. ಬೆಳಗಿನವರೆಗೆ ಯಕ್ಷಗಾನ ನೋಡುವ ಮನೆಯ ಮಕ್ಕಳು ಇವರು! ಐದನೇ ಸಿಂಫನಿ ಅರ್ಧ ಗಂಟೆಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಅದರಲ್ಲಿ ನಾಲ್ಕು ಭಾಗ. ಒಂದು ಭಾಗ ಮುಗಿದಾಗ ಚಪ್ಪಾಳೆ ತಟ್ಟುವ ಪದ್ಧತಿ ಇಲ್ಲ, ಅದನ್ನು ಮೊದಲೇ ಹೇಳಿಕೊಡುತ್ತೇವೆ.

ನಿಮ್ಮಿಂದ ಬೇಕಾಗಿರುವುದು ಒಂದು ಸಹಾಯ. ವಾರಕ್ಕೊಂದು ರಾತ್ರಿ, ಊಟ ಆದ ಮೇಲೆ, ಟಿವಿ ಆರಿಸಿ ಮಗುವಿನ ಜೊತೆ ಒಂದು ಸಿಂಫನಿ ಪೂರ್ತಿ ಕೇಳಿ. ಮಧ್ಯೆ ಫೋನ್ ನೋಡಬೇಡಿ. ಮಗು ಏನು ಹೇಳುತ್ತದೋ ಅದನ್ನು ಕೇಳಿಸಿಕೊಳ್ಳಿ.

ಸಂಜೆ ಕುಮಟಾದಲ್ಲಿ ರೈಲು ಹತ್ತಿದರೆ ಬೆಳಿಗ್ಗೆ ಮುಂಬೈ. ಕಾರ್ಯಕ್ರಮದ ಪಟ್ಟಿ ಕೈಗೆ ಬಂದ ಮೇಲೆ ದಿನ ತಿಳಿಸುತ್ತೇವೆ. ಮೂವರು ಶಿಕ್ಷಕರು ಜೊತೆಗಿರುತ್ತೇವೆ. ಹಣ ಕಷ್ಟ ಆದರೆ ನನ್ನ ಹತ್ತಿರ ಒಂದು ಮಾತು ಹೇಳಿ, ಆ ಕಾರಣಕ್ಕೆ ಯಾರೂ ಮನೆಯಲ್ಲಿ ಉಳಿಯಬಾರದು. ಒಪ್ಪಿಗೆ ಚೀಟಿಗೆ ಸಹಿ ಹಾಕಿ ಸೋಮವಾರದೊಳಗೆ ಕಳಿಸಿ. ಸಭಾಂಗಣದಲ್ಲಿ ಎಸಿ ಇರುತ್ತದೆ, ಮಕ್ಕಳಿಗೆ ಒಂದು ಸ್ವೆಟರ್ ಕೊಟ್ಟು ಕಳಿಸಿ.

ನಿಮ್ಮ,
ಮುಖ್ಯಾಧ್ಯಾಪಕಿ