ಬಿವಿಎ ಹುಡುಗರಿಗೂ ಸೈಕಾಲಜಿ ಕಲಿಸಿ

ಮಾನ್ಯರೇ,

ನಾನು ಹಾಸನದಲ್ಲಿ ಡ್ರಾಯಿಂಗ್ ಟೀಚರ್. ನನ್ನ ಹಳೆ ವಿದ್ಯಾರ್ಥಿನಿಯೊಬ್ಬಳು ಆರ್ಟ್ ಥೆರಪಿಸ್ಟ್, ಅಂದರೆ ಚಿತ್ರಕಲೆಯ ಮೂಲಕ ಮನಸ್ಸಿನ ನೋವಿಗೆ ಚಿಕಿತ್ಸೆ ಕೊಡುವವಳು, ಆಗಬೇಕಂತೆ. ಬಿವಿಎ (ದೃಶ್ಯಕಲಾ ಪದವಿ) ಸೇರಲಾ, ಬಿಎ ಸೈಕಾಲಜಿ ಸೇರಲಾ ಎಂದು ಕೇಳಿದಳು. ಅಪ್ಪ ತೀರಿಕೊಂಡ ವರ್ಷ ಅವಳು ಮಾತೇ ಆಡುತ್ತಿರಲಿಲ್ಲ. ಕ್ಲಾಸಿನಲ್ಲಿ ಕಪ್ಪು ಕ್ರೇಯಾನಿನಿಂದ ಬರೀ ಬಾವಿ ಬರೆಯುತ್ತಿದ್ದಳು, ಹಾಳೆ ಹರಿಯುವಷ್ಟು ಒತ್ತಿ. ಅವಳ ಆಸೆ ಸುಮ್ನೆ ಹುಟ್ಟಿದ್ದಲ್ಲ.

ಅಮೆರಿಕದಲ್ಲಿ ಈ ಕೆಲಸಕ್ಕೆ ಮಾಸ್ಟರ್ಸ್ ಬೇಕು. ಅದಕ್ಕೆ ಸೇರುವಾಗಲೇ ಚಿತ್ರಕಲೆ, ಮನಃಶಾಸ್ತ್ರ ಎರಡನ್ನೂ ಓದಿರಬೇಕು. ಪೋರ್ಟ್‌ಫೋಲಿಯೊ, ಅಂದರೆ ತಾವು ಬರೆದ ಚಿತ್ರಗಳ ಸಂಗ್ರಹ, ಕೂಡ ಕೇಳುತ್ತಾರೆ. ಅದಕ್ಕೇ ನಾನು ಸೈಕಾಲಜಿ ತಗೋ, ಕುಂಚ ಮಾತ್ರ ಬಿಡಬೇಡ ಎಂದೆ. ಆದರೆ ಒಂದನ್ನು ಆರಿಸಿ ಇನ್ನೊಂದನ್ನು ಮನೆಯಲ್ಲೇ ಕಲಿಯಬೇಕಾದ ಸ್ಥಿತಿ ಯಾಕೆ? ನಮ್ಮ ವಿಶ್ವವಿದ್ಯಾಲಯಗಳು ಬಿವಿಎಗೆ ಸೈಕಾಲಜಿಯನ್ನೂ, ಸೈಕಾಲಜಿಗೆ ಚಿತ್ರಕಲೆಯನ್ನೂ ಐಚ್ಛಿಕ ವಿಷಯವಾಗಿ ಕೊಡಲಿ.

– ಚಿತ್ರಕಲಾ ಶಿಕ್ಷಕಿ, ಹಾಸನ