ಕಂಪ್ಯೂಟರ್ ಕೆಟ್ಟರ ಏನು ತೋರಸಲಿ ಅಂತ ಕೇಳೀದಕ್ಕ

ಧಾರವಾಡ

ತಂಗೀ, ಕಾಕಾನ ಆಶೀರ್ವಾದ.

ಹಾವೇರಿ ದವಾಖಾನಿ ಸುದ್ದಿ ಎಲ್ಲಾ ವೈನಿ ಫೋನಿನ್ಯಾಗ ಹೇಳ್ಯಾರ, ಅದನ್ನ ತಿರುಗಿ ಬರಿಯೂದಿಲ್ಲ. ಆದರ ಪತ್ರದ ಕಡೀಕ ಒಂದು ಸಾಲು ಬರದೀ ನೋಡು: "ಕೇಸ್ ಪೇಪರ್ ಎಲ್ಲಾ ಕಂಪ್ಯೂಟರಿಗೆ ಹಾಕಿದ ಮ್ಯಾಲ ಅದು ಕೆಟ್ಟು, ಅದರಾಗ ಯಾರರೇ ಕೋರ್ಟಿಗೆ ಹೋದರ, ನಾ ಏನು ತೋರಸಲಿ?" ಆ ಸಾಲು ತಲಿ ಬಿಟ್ಟು ಹೋಗವಲ್ಲದು.

ಅಂಜಿಕಿ ಸುಳ್ಳಲ್ಲ. ಒಳರೋಗಿಗಳ ದಾಖಲಿ ಚಿಕಿತ್ಸಾ ಶುರುವಾದ ದಿನದಿಂದ 3 ವರ್ಷ ಇಡಬೇಕು, ಕೇಳಿದರ 72 ತಾಸಿನೊಳಗ ಕೊಡಬೇಕು ಅಂತ 2002ರ ವೈದ್ಯಕೀಯ ನಡಾವಳಿ ನಿಯಮದಾಗ ಅದ. ಡಿಸ್ಕ್ ಸುಟ್ಟದ ಅಂತ ಹೇಳಿದರ ಆ 72 ತಾಸು ನಿಂತು ಕಾಯೂದಿಲ್ಲ.

ಆಭಾ ನಂಬರಿಗೆ, ಅಂದರ ರೋಗಿಗೆ ಸರಕಾರ ಕೊಡೂ ಆರೋಗ್ಯ ಗುರುತಿನ ನಂಬರಿಗೆ, ಜೋಡಿಸಿಬಿಟ್ಟರ ಸರಕಾರದ ಹಂತ್ಯಾಕ ಒಂದು ಪ್ರತಿ ಇದ್ದ ಇರತದ ಅಂತ ಭಾಳ ಮಂದಿ ತಿಳಕೊಂಡಾರ. ಹಂಗಿಲ್ಲ. ಆ 14 ಅಂಕಿ ದಾಖಲಿ ಎಲ್ಲದ ಅಂತ ದಾರಿ ತೋರಸತದ, ಅಷ್ಟ. ದಾಖಲಿ ಇರೂದು ನಿನ್ನ ಕಂಪ್ಯೂಟರಿನ್ಯಾಗ, ಇಲ್ಲಾ ಸಾಫ್ಟ್‌ವೇರ್ ಕಂಪನಿ ಸರ್ವರಿನ್ಯಾಗ. ರೋಗಿ ಒಪ್ಪಿಗಿ ಕೊಟ್ಟಾಗ ಅಲ್ಲಿಂದ ಇನ್ನೊಬ್ಬ ಡಾಕ್ಟರಿಗೆ ಹೋಗತದ. ನಿನ್ನ ಕಡೆ ಅಳಿಸಿ ಹೋದರ, ರೋಗಿ ತನ್ನ ಮೊಬೈಲಿಗೆ ಇಳಿಸಿಕೊಂಡಿದ್ದರಷ್ಟ ಉಳೀತು.

ನಮ್ಮ ಕಾಲಕ್ಕ ಕೇಸ್ ಪೇಪರ್ ರೋಗಿ ಕೈಯಾಗ ಕೊಟ್ಟು ಕಳಸೂ ರೂಢಿ. ಕಪಾಟಿನ್ಯಾಗ ಉಳದದ್ದನ್ನ ಗೆದ್ದಲ ತಿಂತು. ಅಜ್ಜಗ ಯಾವ ವಯಸ್ಸಿಗೆ ಸಕ್ಕರಿ ಬ್ಯಾನಿ ಬಂತು, ಮಗಗ ಯಾವಾಗ, ಎಷ್ಟು ಮನಿತನದ ಹಿಸ್ಟರಿ ಹಂಗ ಮಣ್ಣಾತು. ಆ ಹಳಹಳಿ ನನಗ ಈಗೂ ಅದ. ಅದಕ್ಕ ಕಂಪ್ಯೂಟರ್ ಬ್ಯಾಡ ಅಂತ ನನ್ನ ಬಾಯಿಲೆ ಬರೂದಿಲ್ಲ.

ಈ ವಯಸ್ಸಿನ್ಯಾಗ ನಿನಗ ಕಂಪ್ಯೂಟರ್ ಪಾಠ ಹೇಳೂದು ಅಧಿಕಪ್ರಸಂಗನ ಅನ್ನು. ಆದರೂ ದಿನಾ ರಾತ್ರಿ ಎರಡು ಹಾರ್ಡ್ ಡಿಸ್ಕಿಗೆ ಪಾಳಿ ಮ್ಯಾಲ ಬ್ಯಾಕಪ್ ತಗಿ, ಆದ ಕೂಡಲೆ ವೈರ್ ಬಿಚ್ಚಿ ಇಡು. ಹಚ್ಚೇ ಬಿಟ್ಟರ, ವೈರಸ್ ಬಂದು ಫೈಲು ಲಾಕ್ ಮಾಡಿದಾಗ ಬ್ಯಾಕಪ್ಪೂ ಅದರ ಜೋಡಿನ ಲಾಕ್ ಆಗತದ. ಒಂದು ಡಿಸ್ಕ್ ದವಾಖಾನಿ ಬಿಟ್ಟು ಮನ್ಯಾಗಿರಲಿ, ಪಾಸ್‌ವರ್ಡ್ ಹಾಕಿ. ತಿಂಗಳಿಗೊಮ್ಮೆ ಯಾವುದರೇ ಹಳೇ ಕೇಸು ಬ್ಯಾರೆ ಕಂಪ್ಯೂಟರಿನ್ಯಾಗ ತಗದು ಓದಿ ನೋಡು. "ಬ್ಯಾಕಪ್ ಆತು" ಅಂತ ತೋರಿಸಿ ಒಳಗ ಏನೂ ತೆರಿಯದ ಫೈಲು ಇರತಾವ. ಹೆಸ್ಕಾಂ ಕರೆಂಟ್ ಹೋದಾಗಿಂದೂ ಒಂದು ಮಾತು. ಕಂಪ್ಯೂಟರಿಗೆ ಯುಪಿಎಸ್ ಹಚ್ಚಿರತಾರ, ರೌಟರ್ ಮರತಿರತಾರ. ಇಂಟರ್ನೆಟ್ ಮ್ಯಾಲ ನಡಿಯೂ ಸಾಫ್ಟ್‌ವೇರ್ ಅಲ್ಲೇ ನಿಂತಬಿಡತದ.

ಮತ್ತ ಅದ ಕೋರ್ಟಿನ ಮಾತಿಗೆ ಬರತೇನಿ. ಅಲ್ಲಿ ದಾಖಲಿ ಇದ್ದರಷ್ಟ ಸಾಲದು, ಯಾರು ಬರದಾರ, ಯಾವಾಗ ಬರದಾರ ಅಂತ ಕೇಳತಾರ. ಸಿಸ್ಟರುಗಳೆಲ್ಲಾ ಒಂದ ಲಾಗಿನ್‌ಲೆ ಕೆಲಸಾ ಮಾಡಿದರ ರಾತ್ರಿ ಪಾಳಿಯೊಳಗ ಇಂಜೆಕ್ಷನ್ ಕೊಟ್ಟಾಕಿ ಯಾರಂತ ಹೇಳೂದು ಹೆಂಗ? ಪ್ರತಿಯೊಬ್ಬರಿಗೂ ಬ್ಯಾರೆ ಲಾಗಿನ್ ಮಾಡು. ತಿದ್ದೂದಿದ್ದರ ಹಳೇದನ್ನ ಅಳಸಬ್ಯಾಡ, ಕೆಳಗ ತಾರೀಖು, ಟೈಮ್ ಹಾಕಿ ಹೊಸಾದು ಬರಿ. ಒಪ್ಪಿಗಿ ಪತ್ರ, ಆಪರೇಷನ್ ನೋಟ್ಸ್ ಸಹಿ ಸಮೇತ ಕಾಗದದ ಮ್ಯಾಲೂ ಇರಲಿ.

ಬಸುರಿಯರ ಸ್ಕ್ಯಾನಿಂಗ್ ಮಷೀನ್ ತರೂದಿದ್ದರ, ಹೊಟ್ಟಿಯೊಳಗಿನ ಕೂಸು ಗಂಡೋ ಹೆಣ್ಣೋ ಅಂತ ನೋಡೂದನ್ನ ತಡಿಯೂ ಕಾನೂನಿನ ಎಫ್ ಫಾರ್ಮ್ ಪ್ರಿಂಟ್ ತಗದು ಅವತ್ತಿಂದವತ್ತೇ ಸಹಿ ಮಾಡು. ತಿಂಗಳ ವರದಿ ಮುಂದಿನ ತಿಂಗಳು 5ರೊಳಗ ಹೋಗಬೇಕು. ಎಫ್ ಫಾರ್ಮಿನ್ಯಾಗ ಕಾಲಮ್ ಖಾಲಿ ಬಿಟ್ಟರ ಬರವಣಿಗಿ ತಪ್ಪು ಅಂತ ಕೈಬಿಡೂದಿಲ್ಲ, ಸುಪ್ರೀಂ ಕೋರ್ಟ್ 2019ರಾಗ ಆ ಕಾನೂನನ್ನ ಎತ್ತಿ ಹಿಡದದ.

ಇಷ್ಟು ಬರದರೂ ನಿನ್ನ ಅಂಜಿಕಿ ಅರ್ಧಾನೂ ಹೋಗಿರಲಿಕ್ಕಿಲ್ಲ, ನನಗ ಗೊತ್ತದ. ಸಾಫ್ಟ್‌ವೇರ್ ಕಂಪನಿ ನಾಳೆ ಬಾಗಲಾ ಹಾಕಿದರ ದಾಖಲಿ ಯಾವ ರೂಪದಾಗ ತಿರುಗಿ ಕೊಡತಾರ ಅಂತ ಕರಾರಿನ್ಯಾಗ ಅದನೋ ಇಲ್ಲೋ ನೋಡು. ಬರೇ ಪಿಡಿಎಫ್ ಅಂದರ ಒಪ್ಪಬ್ಯಾಡ, ಅದು ಹೊಸ ಸಾಫ್ಟ್‌ವೇರಿಗೆ ಸರಿಯಾಗಿ ಏರೂದಿಲ್ಲ. ಸಹಿ ಮಾಡೂಕಿಂತ ಮೊದಲ ಒಂದು ಝೆರಾಕ್ಸ್ ಕಳಸು, ನಾನೂ ಓದತೇನಿ.

ನಿನ್ನ ಕಾಕಾ